ಮೇಜಿನ ಮೇಲೆ ಡಬ್ಬಿ, ಲೆಕ್ಕ ದಾವಣಗೆರೆಯಲ್ಲಿ

ಬಿಳಿಚೋಡಿನಲ್ಲಿ ಗೊಬ್ಬರ, ಬೀಜ, ಔಷಧಿ ಮಾರುವ ಒಂದು ಅಂಗಡಿ. ಅದರದ್ದೇ ಶಾಖೆ ಜಗಳೂರಿನಲ್ಲಿ. ಮೆಕ್ಕೆಜೋಳದ ವ್ಯವಹಾರಕ್ಕೆ ದಾವಣಗೆರೆ ಎಪಿಎಂಸಿ ಪ್ರಾಂಗಣದಲ್ಲಿ ಒಂದು ಮಂಡಿ. ಮಾತಾಡುವವರಿಬ್ಬರು: ಅಂಗಡಿಯ ಯಜಮಾನರು, ಮತ್ತು ಅವರ ಅಕ್ಕನ ಮಗ. ಅವನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದು ಈಗ ದಾವಣಗೆರೆಗೆ ಬಂದು ನೆಲೆಸಿದವನು. ಹಂಗಾಮು ಮುಗಿದಿದೆ, ಇಬ್ಬರಿಗೂ ಪುರುಸೊತ್ತಿದೆ.

ಮಾವ: ಕಂಪ್ಯೂಟರ್‌ಗಳನ್ನೆಲ್ಲ ಬದಲಾಯಿಸ್ಬೇಕು ಅಂತಾನಪ್ಪ ನಮ್ಮ ಅಂಗಡಿ ಹುಡುಗ. ವಿಂಡೋಸ್ ಹತ್ತು ಮುಗೀತಂತೆ. ಮುಗಿಯಾಕೆ ಅದೇನು ಡಿಎಪಿ ಸ್ಟಾಕಾ?

ಅಳಿಯ: ಯಂತ್ರ ನಡೆಯುತ್ತೆ ಮಾವ, ನಿಂತೇನೂ ಹೋಗಲ್ಲ. 2025ರ ಅಕ್ಟೋಬರ್ 14ರಿಂದ ಮೈಕ್ರೋಸಾಫ್ಟ್‌ನವರು ಅದಕ್ಕೆ ಸಾಮಾನ್ಯವಾಗಿ ಕಳಿಸುತ್ತಿದ್ದ ತೇಪೆ ಕಳಿಸೋದು ನಿಲ್ಲಿಸಿದರು. ಹೆಚ್ಚಿಗೆ ಕಾಲ ಬೇಕು ಅಂದರೆ ಅದಕ್ಕೆ ಬೇರೆ ಏರ್ಪಾಡು. ಅದಿಲ್ಲದಿದ್ದರೆ ಇನ್ಮೇಲೆ ಕಳ್ಳ ಹೊಕ್ಕುವ ತೂತು ಕಂಡರೂ ಮುಚ್ಚೋರಿಲ್ಲ. ಹನ್ನೊಂದು ಹಾಕೋಣ ಅಂದರೆ ನಿಮ್ಮ ಯಂತ್ರಗಳ ಪ್ರೊಸೆಸರ್ ಹಳೇದು, ಅದು ಕೇಳೋ ಟಿಪಿಎಂ ಚಿಪ್ಪೂ ಇಲ್ಲ.

ಮಾವ: ಒಂದಕ್ಕೆ ನಲವತ್ತು ಸಾವಿರ ಅಂದ್ರೂ ಮೂರು ಕಡೆ ಸೇರಿ ಎಷ್ಟಾಯ್ತು ಲೆಕ್ಕ ಹಾಕು. ಅದೇ ದುಡ್ಡಿಗೆ ಒಂದು ಲೋಡ್ ಬೀಜ ತರಿಸ್ತೀನಿ.

ಅಳಿಯ: ಅದಕ್ಕೇ ಬಂದೆ. ಹಳೆ ಯಂತ್ರ ಎಸೆಯೋದು ಬೇಡ. ಅವುಗಳ ತಲೆ ಕೆಲಸ ಬಿಡಿಸಿ, ಬರೀ ಕಣ್ಣು ಕೈ ಮಾತ್ರ ಇಟ್ಟುಕೊಳ್ಳೋಣ. ಲೆಕ್ಕ, ಕಡತ, ಟ್ಯಾಲಿ ಎಲ್ಲ ಒಂದೇ ದೊಡ್ಡ ಯಂತ್ರದಲ್ಲಿ. ಇಲ್ಲಿ ಕೂತವರು ಕೀಲಿ ಒತ್ತಿದರೆ ಆ ಒತ್ತು ಅಲ್ಲಿಗೆ ಹೋಗುತ್ತೆ, ಅಲ್ಲಿ ಆದ ಕೆಲಸದ ಚಿತ್ರ ಇಲ್ಲಿಯ ಪರದೆಗೆ ಬರುತ್ತೆ. ಇದಕ್ಕೆ ಥಿನ್ ಕ್ಲೈಂಟ್ ಅಂತಾರೆ. ಹೊಸದು ಕೊಂಡರೆ ಊಟದ ಡಬ್ಬಿಯಷ್ಟು ಇರುತ್ತೆ, ಒಳಗೆ ಹಾರ್ಡ್ ಡಿಸ್ಕ್ ಇರಲ್ಲ, ಫ್ಯಾನೂ ಇರಲ್ಲ. ಬೆಂಗಳೂರಿನ ವಿಎಕ್ಸ್‌ಎಲ್‌ನಂಥ ಕಂಪನಿಗಳು ಇದನ್ನೇ ಮಾಡಿಕೊಂಡು ಬಂದಿವೆ. ನಮಗೆ ಅದೂ ಬೇಡ. ಇರೋ ಯಂತ್ರಕ್ಕೇ ಒಂದು ಚಿಕ್ಕ ಲಿನಕ್ಸ್ ಹಾಕಿದರೆ ಆಯ್ತು.

ಮಾವ: ಹೊಸ ವಿದ್ಯೆ ಅಂತ ಹೇಳ್ಬೇಡ. ದಾವಣಗೆರೆ ಸ್ಟೇಷನ್ನಾಗೆ ರಿಸರ್ವೇಷನ್ ಕೌಂಟರ್ ಐತಲ್ಲ, ಕರೇ ಪರದೆ ಮೇಲೆ ಅಕ್ಷರ ಓಡ್ತಿದ್ವು. ಅದೂ ಇದೇ ಅಲ್ಲೇನು? ಟಿಕೇಟು ಅಲ್ಲಿ ಕೊಡ್ತಿದ್ರು, ಸೀಟಿನ ಲೆಕ್ಕ ಇನ್ನೆಲ್ಲೋ ಇರ್ತಿತ್ತು.

ಅಳಿಯ: ಅದೇ. ದೆಹಲಿಯಲ್ಲಿ 1985-86ರಲ್ಲಿ ಶುರುವಾಯಿತು, ಸಿಎಂಸಿ ಕಂಪನಿ ಮಾಡಿಕೊಟ್ಟಿದ್ದು. ಆಮೇಲೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದು ಕಡೆ ದೊಡ್ಡ ಯಂತ್ರ ಇಟ್ಟು, 1999ರ ಹೊತ್ತಿಗೆ ಐದನ್ನೂ ಒಂದಕ್ಕೊಂದು ಜೋಡಿಸಿದರು. ಆಗಿನಿಂದ ಯಾವ ಊರಿಂದ ಯಾವ ಊರಿಗಾದರೂ ಟಿಕೆಟ್ ಎಲ್ಲಿ ಬೇಕಾದರೂ ಸಿಗೋ ಹಾಗಾಯಿತು. ಕೌಂಟರಿನ ಯಂತ್ರಕ್ಕೆ ಸ್ವಂತ ಬುದ್ಧಿ ಇರಲಿಲ್ಲ, ಅದಕ್ಕೇ ಅದು ಕೆಡ್ತಾನೂ ಇರಲಿಲ್ಲ.

ಮಾವ: ಮತ್ತೆ ಆಮೇಲೆ ಎಲ್ರಿಗೂ ಒಂದೊಂದು ಕಂಪ್ಯೂಟರ್ ಯಾಕೆ ಮಾರಿದ್ರು?

ಅಳಿಯ: ಕಂಪ್ಯೂಟರ್ ಅಗ್ಗವಾಯಿತು, ತಂತಿ ಆಗಲಿಲ್ಲ. ಲೈನ್ ದುಬಾರಿ ಇದ್ದಾಗ ಲೆಕ್ಕ ಹತ್ತಿರ ಇರಬೇಕು, ಲೈನ್ ಅಗ್ಗವಾದಾಗ ಲೆಕ್ಕ ದೂರ ಹೋಗುತ್ತೆ. ಒರಾಕಲ್‌ನ ಲ್ಯಾರಿ ಎಲಿಸನ್ 1996ರ ಸುಮಾರಿಗೇ ಡಿಸ್ಕ್ ಇಲ್ಲದ ಅಗ್ಗದ ಕಂಪ್ಯೂಟರ್ ಬರುತ್ತೆ ಅಂತ ಸಾರಿಕೊಂಡು ತಿರುಗಿದ. ಆಗ ಯಾರೂ ಕೊಳ್ಳಲಿಲ್ಲ. ಮನೆಗೆ ಫೋನ್ ತಂತಿಯಲ್ಲಿ ಕೀರ್ ಅಂತ ಬರ್ತಿದ್ದ ಇಂಟರ್ನೆಟ್ ಅದಕ್ಕೆ ಸಾಲುತ್ತಿರಲಿಲ್ಲ. ಈಗ ನಿಮ್ಮ ಬಿಳಿಚೋಡಿಗೂ ಫೈಬರ್ ಬಂದಿದೆ.

ಮಾವ: ಬಂದೈತೆ, ಜೆಸಿಬಿ ಬಂದಾಗ ಹೋಗ್ತೈತೆ. ರಸ್ತೆ ಅಗಲ ಮಾಡಾಕೆ, ಪೈಪ್ ಹಾಕಾಕೆ, ಯಾವ್ದಕ್ಕೋ ಅಗೀತಾನೆ ಇರ್ತಾರೆ. ಆದ್ರೂ ಕೇಳು. ನೀನು ಈ ಒಂದೇ ಕಡೆ ಲೆಕ್ಕ ಅನ್ನೋದನ್ನ ನನಗೆ ಹೇಳಿಕೊಡ್ಬೇಡ. ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಪಹಣಿ ಇತ್ತಲ್ಲ, ಶಾನುಭೋಗರ ಕೈಬರಹದ್ದು. ಅವ್ರಾದ್ಮೇಲೆ ಗ್ರಾಮ ಲೆಕ್ಕಿಗರ ಕೈಗೆ ಬಂತು. ಒಂದು ಪಹಣಿಗೆ ಅವ್ರ ಮನೆ ಕಾಯ್ಬೇಕು. ಅವ್ರು ಊರಾಗಿಲ್ಲ ಅಂದ್ರೆ ಪಹಣಿನೂ ಇಲ್ಲ. ಹೆಸರು ಯಾವಾಗ ಬದಲಾಯ್ತು ಅಂತ ಕೇಳೋರಿಲ್ಲ. ಅಷ್ಟೊತ್ತಿಗೆ ಪಹಣಿನ ಕಂಪ್ಯೂಟರಿಗೆ ಹಾಕೋ ‘ಭೂಮಿ’ ಯೋಜನೆ ಬಂತು.

ಅಳಿಯ: 2001-02ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಬಂತು. ಸುಮಾರು ಎರಡು ಕೋಟಿ ಪಹಣಿ, ಅರವತ್ತೇಳು ಲಕ್ಷ ರೈತರದ್ದು. ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ ಹಿಂದೆ ಬಿದ್ದು ಮಾಡಿಸಿದರು, ತಂತ್ರಾಂಶ ಎನ್‌ಐಸಿಯದ್ದು.

ಮಾವ: ಆಗ ಹದಿನೈದು ರೂಪಾಯಿ ಕೊಟ್ರೆ ಪಹಣಿ ಸಿಗ್ತಿತ್ತು. ಕೌಂಟರ್‌ನಾಗೆ ಎರಡು ಪರದೆ ಇಡಬೇಕು ಅಂತ ಮಾಡಿದ್ರು. ಒಂದು ಒಳಗಿರೋನಿಗೆ, ಇನ್ನೊಂದು ನಮ್ ಕಡೆ ಮುಖ ಮಾಡಿ. ಅವನು ಏನು ಹೊಡೀತಾನೆ ಅಂತ ರೈತನಿಗೂ ಕಾಣ್ಬೇಕು ಅಂತ. ಅದು ಚೆನ್ನಾಗಿತ್ತು. ಆ ಎರಡನೇ ಪರದೆ ಬಗ್ಗೆ ಈಗ ಯಾರೂ ಮಾತಾಡಲ್ಲ.

ಅಳಿಯ: ಅಲ್ಲಿ ಒಂದು ವಿಷಯ ಗಮನಿಸಿ. ಶುರುವಿನಲ್ಲಿ ಪ್ರತಿ ತಾಲ್ಲೂಕಿಗೂ ಅದರದ್ದೇ ಸರ್ವರ್. ಜಗಳೂರಿನ ಪಹಣಿ ಜಗಳೂರಲ್ಲೇ. ಆಮೇಲೆ 2006ರಲ್ಲಿ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರ ಮಾಡಿದರು, ಸ್ಯಾಟಲೈಟ್ ಛತ್ರಿ ಇಟ್ಟು. ಅದು ಹೋಗಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂತು, ನಾಡಕಚೇರಿ ಒಳಗೆ. ಅಷ್ಟೊತ್ತಿಗೆ ಲೆಕ್ಕ ತಾಲ್ಲೂಕು ಬಿಟ್ಟು ಬೆಂಗಳೂರಿನ ಡೇಟಾ ಸೆಂಟರಿಗೆ ಹೋಗಿತ್ತು. ರೈತನಿಗೆ ನಡಿಗೆ ಕಮ್ಮಿಯಾಯಿತು, ಲೆಕ್ಕಕ್ಕೆ ದಾರಿ ಉದ್ದವಾಯಿತು.

ಮಾವ: ಅದಕ್ಕೇ ‘ಸರ್ವರ್ ಇಲ್ಲ’ ಅನ್ನೋದು. ನಮ್ಮಜ್ಜಿಗೂ ಬರ್ತಿತ್ತು ಆ ಮಾತು, ಇಸ್ಕೂಲಿಗೆ ಹೋಗದಿದ್ರೂ. 2023ರಾಗೆ ಗೃಹಜ್ಯೋತಿ, ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಇಡೀ ರಾಜ್ಯವೇ ಆ ಮಾತು ಆಡ್ತು. ಹೆಂಗಸ್ರು ಊಟ ಕಟ್ಕೊಂಡು ಬಂದು ಕ್ಯೂ ನಿಂತಿದ್ರು.

ಅಳಿಯ: ಎಲ್ಲರೂ ಒಂದೇ ದಿನ ಒಂದೇ ಬಾಗಿಲಿಗೆ ಬಂದರೆ ಆಗೋದು ಅದೇ. ನಮ್ಮದು ಹತ್ತು ಜನರ ಬಾಗಿಲು ಮಾವ.

ಮಾವ: ಬಾಗಿಲಿನ ಅಗಲ ಅಲ್ಲ ನನ್ನ ಚಿಂತೆ, ಬಾಗಿಲು ಒಂದೇ ಅನ್ನೋದು. ಬಾ ಇಲ್ಲಿ, ಇದನ್ನ ನೋಡು. ಈ ಪಿಒಎಸ್ ಯಂತ್ರ. 2018ರ ಮಾರ್ಚ್ ಹೊತ್ತಿಗೆ ದೇಶದಾಗೆ ಗೊಬ್ಬರ ಮಾರೋರಿಗೆಲ್ಲ ಇದು ಕಡ್ಡಾಯ ಆಯ್ತು. ಮೊದ್ಲು ಏನಿತ್ತು? ಗೊಬ್ಬರ ಜಿಲ್ಲೆಗೆ ಬಂದು ಇಳಿದ್ರೆ ಕಂಪನಿಗೆ ಸಬ್ಸಿಡಿ. ಈಗ ರೈತನ ಬೆರಳು ಒತ್ತಿಸಿ, ಚೀಲ ಅವನ ಹೆಸರಿಗೆ ಬಿದ್ದು, ಆಮೇಲೆ ಕಂಪನಿಗೆ ಸಬ್ಸಿಡಿ. ಒಳ್ಳೇದೇ. ಯೂರಿಯಾ ಬೇರೆ ದಾರಿ ಹಿಡಿಯೋದು ಕಡಿಮೆ ಆಯ್ತು. ಆದ್ರೆ ನನ್ನ ಕಡೆಯಿಂದ ನೋಡು. 45 ಕೆಜಿ ಚೀಲ, 266 ರೂಪಾಯಿ 50 ಪೈಸೆ. ಗೋಡೌನ್‌ನಾಗೆ ಲೋಡ್ ಇಳಿದೈತೆ. ಮಳೆ ಬಿದ್ದೈತೆ, ಮೆಕ್ಕೆಜೋಳ ಮೊಣಕಾಲುದ್ದ ಬಂದೈತೆ, ಇವತ್ತು ಹಾಕ್ದಿದ್ರೆ ನಾಳೆ ಹಸಿ ಆರ್ತೈತೆ. ರೈತ ಎದುರಿಗೆ ನಿಂತಾನೆ, ದುಡ್ಡು ಕೈಯಾಗೈತೆ. ಯಂತ್ರದಾಗೆ ಸ್ಟಾಕ್ ಕಾಣ್ತಿಲ್ಲ, ಇಲ್ಲಾ ಬೆರಳು ತಗೊಳ್ತಿಲ್ಲ, ಇಲ್ಲಾ ಸಿಗ್ನಲ್ ಇಲ್ಲ. ಕೊಡಂಗಿಲ್ಲ. ಕೊಟ್ರೆ ಪುಸ್ತಕದ ಸ್ಟಾಕು ಬೇರೆ, ಯಂತ್ರದ ಸ್ಟಾಕು ಬೇರೆ; ತಪಾಸಣೆಗೆ ಬಂದೋರು ಲೈಸೆನ್ಸಿಗೇ ಕೈ ಹಾಕ್ತಾರೆ. ಚೀಲ ನನ್ನ ಗೋಡೌನ್‌ನಾಗೆ ಐತೆ, ಆದ್ರೂ ನನ್ನ ಹತ್ರ ಇಲ್ಲ. ಇದಕ್ಕೇನಂತೀಯ?

ಅಳಿಯ: ಇದೂ ಥಿನ್ ಕ್ಲೈಂಟೇ ಮಾವ, ಹೆಸರು ಮಾತ್ರ ಬೇರೆ. ಸ್ಟಾಕಿನ ಲೆಕ್ಕ ಯಂತ್ರದಲ್ಲಿಲ್ಲ, ಕೇಂದ್ರದ ಸರ್ವರಿನಲ್ಲಿದೆ. ನೀವು ವರ್ಷಗಟ್ಟಲೆ ಅದರ ಜೊತೆ ಬಾಳಿದ್ದೀರಿ, ಅದಕ್ಕೇ ನಿಮ್ಮ ಹತ್ರ ಈ ಮಾತು ಆಡೋದು ಸುಲಭ.

ಮಾವ: ಬಾಳಿದ್ದೀನಿ ಅಂತ ಮತ್ತೊಂದು ಕಟ್ಟಿಕೊಳ್ಳಲೇನು?

ಅಳಿಯ: ವ್ಯತ್ಯಾಸ ಇದೆ. ಆ ಸರ್ವರ್ ನಿಮ್ಮದಲ್ಲ, ಈ ಸರ್ವರ್ ನಿಮ್ಮದು. ಆದರೆ ನೀವು ಹೇಳಿದ್ದನ್ನ ನಾನು ತಳ್ಳಿಹಾಕಲ್ಲ. ದೊಡ್ಡವರಿಗೂ ಏಟು ಬಿದ್ದಿದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಅನ್ನೋ ಕಂಪನಿಗೆ ರ್‍ಯಾನ್ಸಮ್‌ವೇರ್ ಹೊಕ್ಕಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡೋರು ಅವರು. ಯುಪಿಐ ನಡೆಸೋ ಎನ್‌ಪಿಸಿಐನವರು ಬೇರೆಯವರಿಗೆ ಅಂಟದಿರಲಿ ಅಂತ ಅವರನ್ನು ಜಾಲದಿಂದ ಕತ್ತರಿಸಿದರು. ದೇಶದ ಸುಮಾರು ಮುನ್ನೂರು ಚಿಕ್ಕ ಬ್ಯಾಂಕುಗಳ ಗಿರಾಕಿಗಳಿಗೆ ಯುಪಿಐ ಇಲ್ಲ, ಎಟಿಎಂ ಇಲ್ಲ. ಆ ಬ್ಯಾಂಕುಗಳು ಏನೂ ತಪ್ಪು ಮಾಡಿರಲಿಲ್ಲ. ಮರುದಿನದ ಹೊತ್ತಿಗೆ ಸರಿಹೋಯಿತು ಅನ್ನೋದು ಬೇರೆ.

ಮಾವ: ನೋಡಿದ್ಯಾ, ನನ್ನ ಮಾತನ್ನ ನೀನೇ ಆಡ್ದೆ.

ಅಳಿಯ: ಇನ್ನೊಂದನ್ನೂ ಕೇಳಿ. ಅದೇ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಗಲಾಟೆ ಆಯಿತು. ಭದ್ರತೆಯ ಸಾಫ್ಟ್‌ವೇರೇ ಕೆಟ್ಟ ಅಪ್‌ಡೇಟ್ ಕಳಿಸಿ ಜಗತ್ತಿನ 85 ಲಕ್ಷ ವಿಂಡೋಸ್ ಯಂತ್ರ ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಸರಿಪಡಿಸೋಕೆ ಎಷ್ಟೋ ಕಡೆ ಒಬ್ಬ ಮನುಷ್ಯ ಒಂದೊಂದು ಯಂತ್ರದ ಮುಂದೆ ಹೋಗಿ ಕೂರಬೇಕಾಯಿತು. ಆ ಮೇಜುಗಳ ಮೇಲೆ ಥಿನ್ ಕ್ಲೈಂಟ್ ಇದ್ದಿದ್ದರೆ ಸರ್ವರ್ ಕೋಣೆಯಲ್ಲಿ ಕೆಲಸ ಮುಗೀತಿತ್ತು. ಚದುರಿಸಿ ಇಟ್ಟರೆ ಸುರಕ್ಷಿತ ಅನ್ನೋದೂ ಪೂರ್ತಿ ನಿಜ ಅಲ್ಲ.

ಮಾವ: ಹೂಂ. (ಸ್ವಲ್ಪ ಹೊತ್ತು ಬಿಟ್ಟು) ನಮ್ಮ ತಾಲ್ಲೂಕಿನಾಗೆ ಮನೆಗೊಂದು ಬೋರು ಕೊರೆಸಿದ್ವಿ. ಅವನದ್ದು ಐನೂರು ಅಡಿ, ಇವನದ್ದು ಏಳುನೂರು, ಎಲ್ಲಾ ಬತ್ತಿದ್ವು. ಈಗ ದೀಟೂರು ಹತ್ರ ತುಂಗಭದ್ರೆಯಿಂದ ನೀರೆತ್ತಿ ಐವತ್ತೇಳು ಕೆರೆ ತುಂಬಿಸೋ ಯೋಜನೆ. ಸಿರಿಗೆರೆ ಮಠದ ಬುದ್ಧಿಯವ್ರು ಹಿಂದೆ ಬಿದ್ರು ಅಂತ ಆಯ್ತು. ಅಲ್ಲಿ ಮೋಟ್ರು ನಿಂತ್ರೆ ಐವತ್ತೇಳು ಕೆರೆಗೂ ನೀರಿಲ್ಲ. ಹಂಗಂತ ಯಾರಾದ್ರೂ ಬ್ಯಾಡ ಅಂತಾರಾ? ಅನ್ನಲ್ಲ. ಆದ್ರೆ ಇದ್ದ ಬೋರನ್ನೂ ಯಾರೂ ಮುಚ್ಚಿಲ್ಲ.

ಅಳಿಯ: ನೀವು ಹೇಳಿದ ಆ ಕೊನೇ ಮಾತಿದೆಯಲ್ಲ, ನನ್ನ ಇಡೀ ಯೋಜನೆ ಅದೇ. ಸರ್ವರ್ ಇಡೋಣ, ಬೋರು ಮುಚ್ಚೋದು ಬೇಡ.

ಮಾವ: ಬಿಡಿಸಿ ಹೇಳು. ಮೊದ್ಲು ನನಗೇನು ಲಾಭ ಅದನ್ನ ಹೇಳು, ದುಡ್ಡಿನ ಲಾಭ ಬಿಟ್ಟು. ದುಡ್ಡಿನ ಲಾಭ ಎಲ್ರೂ ಹೇಳ್ತಾರೆ.

ಅಳಿಯ: ಟ್ಯಾಲಿ. ನಿಮ್ಮ ಮೂರು ಕಡೆಯ ಟ್ಯಾಲಿ ಈಗ ಹೇಗೆ ಸೇರುತ್ತೆ?

ಮಾವ: ಶನಿವಾರ ಜಗಳೂರಿನ ಹುಡುಗಿ ಪೆನ್ ಡ್ರೈವ್‌ನಾಗೆ ಬ್ಯಾಕಪ್ ಬಸ್ ಕಂಡಕ್ಟರ್ ಕೈಯಾಗೆ ಕೊಟ್ಟು ಕಳಿಸ್ತಾಳೆ. ಮಂಡಿ ಗುಮಾಸ್ತ ವಾಟ್ಸ್ಆ್ಯಪ್‌ನಾಗೆ ಕಳಿಸ್ತಾನೆ. ಯಾವುದು ಹಳೇದು ಯಾವುದು ಹೊಸದು ಅಂತ ಜಗಳ. ಅಷ್ಟ್ರಾಗೆ ಇಲ್ಲಿ ಉದ್ರಿ ಬಾಕಿ ಇರೋ ರೈತ ಅಲ್ಲಿ ಹೋಗಿ ಮತ್ತೆ ಉದ್ರಿ ತಗೊಂಡಿರ್ತಾನೆ.

ಅಳಿಯ: ಕಂಪ್ಯೂಟರಿಗೆ ಬಂದಮೇಲೂ ಕಿರ್ದಿ ಪುಸ್ತಕ ಬಸ್ಸಿನಲ್ಲೇ ಓಡಾಡ್ತಿದೆ ಅಂದ ಹಾಗಾಯಿತು. ಕೆಲವರು ಏನು ಮಾಡ್ತಾರೆ, ಒಂದು ಕಡೆ ಟ್ಯಾಲಿ ಡೇಟಾ ಇಟ್ಟು ವಿಪಿಎನ್ ಹಾಕಿ ಇನ್ನೊಂದು ಊರಿಂದ ಅದೇ ಫೋಲ್ಡರ್ ತೆರೀತಾರೆ. ಅದು ಅಪಾಯ. ಟ್ಯಾಲಿ ಬರೀತಾ ಇರುವಾಗ ಲೈನ್ ಹೋದರೆ ಅರ್ಧ ಬರೆದ ಡೇಟಾ ಕೆಡುತ್ತೆ. ಒಳ್ಳೆ ಲೈನ್ ಇದ್ದರೂ ನಿಧಾನ, ಯಾಕೆಂದರೆ ಲೆಕ್ಕವೇ ತಂತಿಯ ಮೇಲೆ ಓಡಾಡುತ್ತೆ. ಸರ್ವರಿನಲ್ಲೇ ಟ್ಯಾಲಿ ನಡೆದು ಪರದೆಯ ಚಿತ್ರ ಮಾತ್ರ ಬಂದರೆ, ಲೈನ್ ಕಡಿದರೂ ಅಲ್ಲಿ ತೆರೆದ ವೋಚರ್ ತೆರೆದೇ ಇರುತ್ತೆ. ಮತ್ತೆ ಸೇರಿಕೊಂಡರೆ ಬಿಟ್ಟ ಜಾಗಕ್ಕೇ ಬರ್ತೀರಿ. ಟ್ಯಾಲಿ ಬೆಂಗಳೂರಲ್ಲಿ 1986ರಲ್ಲಿ ಗೋಯೆಂಕಾ ಅಪ್ಪ-ಮಗ ಶುರು ಮಾಡಿದ್ದು, ಒಂದು ಅಂಗಡಿ ಒಂದು ಕಂಪ್ಯೂಟರ್ ಇದ್ದ ಕಾಲದ್ದು. ಅದನ್ನ ಅದರ ಯಂತ್ರದಲ್ಲೇ ಕೂರಿಸಿ, ಜನರನ್ನ ಅದರ ಹತ್ರ ಕರೆಯೋದು ಜಾಣತನ.

ಮಾವ: ಇದೊಂದು ಮಾತು ಒಪ್ಪಿದೆ. ಇಂಟರ್ನೆಟ್ ಎಷ್ಟು ಬೇಕು ಇದಕ್ಕೆ?

ಅಳಿಯ: ಟ್ಯಾಲಿ, ಎಕ್ಸೆಲ್ ಮಾತ್ರ ಆದರೆ ಒಬ್ಬರಿಗೆ ನೂರಿನ್ನೂರು ಕೆಬಿಪಿಎಸ್ ಸಾಕು. ಒಂದು ಒಳ್ಳೆ 4ಜಿ ಸಿಮ್ ನಾಲ್ಕೈದು ಜನರನ್ನ ಎಳೆಯುತ್ತೆ. ಅಗಲಕ್ಕಿಂತ ತಡ ಮುಖ್ಯ. ಕೀಲಿ ಒತ್ತಿ ಅಕ್ಷರ ಮೂಡೋದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಆದರೆ ಕೈಗೆ ಗೊತ್ತಾಗಲ್ಲ. ಕಾಲು ಸೆಕೆಂಡ್ ಆದರೆ ಗುಮಾಸ್ತ ನನ್ನನ್ನ ಬೈತಾನೆ. ಯಾರಾದರೂ ಕೂತು ಯೂಟ್ಯೂಬ್ ನೋಡಿದರೆ ಎಲ್ಲರಿಗೂ ಕಷ್ಟ.

ಮಾವ: ಯೂಟ್ಯೂಬ್ ನೋಡಂಗಿಲ್ಲ ಅಂದ್ರೆ ಹುಡುಗ್ರು ಕೆಲ್ಸ ಬಿಡ್ತಾರೆ. ಕರೆಂಟು?

ಅಳಿಯ: ಇಲ್ಲಿ ಲಾಭವಿದೆ. ಸಾಧಾರಣ ಕಂಪ್ಯೂಟರ್ ಅರವತ್ತರಿಂದ ನೂರು ವ್ಯಾಟ್ ತಿನ್ನುತ್ತೆ. ಡಬ್ಬಿ ತಿನ್ನೋದು ಹತ್ತು, ಹದಿನೈದು. ಮೇಲೆ ಪರದೆಗೆ ಇಪ್ಪತ್ತು. ಬೆಸ್ಕಾಂ ಕರೆಂಟ್ ತೆಗೆದಾಗ ಅದೇ ಯುಪಿಎಸ್ ಎರಡು ಮೂರು ಪಟ್ಟು ಹೊತ್ತು ತಡೆಯುತ್ತೆ. ನಿಜ ಹೇಳಬೇಕೆಂದರೆ ನಿಮ್ಮ ಹಳೆ ಯಂತ್ರಗಳನ್ನೇ ಉಳಿಸಿಕೊಂಡರೆ ಈ ಲಾಭ ಸಿಗಲ್ಲ, ಅವು ತಿನ್ನೋದನ್ನ ತಿನ್ನುತ್ತಲೇ ಇರುತ್ತವೆ. ಒಂದೊಂದಾಗಿ ಕೆಟ್ಟ ಹಾಗೆ ಡಬ್ಬಿ ತರೋಣ.

ಮಾವ: ಈಗ ಹೇಳು, ಯಾವ್ದು ಆಗಲ್ಲ. ಅದನ್ನ ಮಾರೋರು ಯಾರೂ ಹೇಳಲ್ಲ.

(ಇಲ್ಲಿ ಅಳಿಯ ಸ್ವಲ್ಪ ನಕ್ಕ. ಈ ಪ್ರಶ್ನೆ ಕೇಳುವ ಗಿರಾಕಿ ಸಿಕ್ಕರೆ ತಂತ್ರಜ್ಞನಿಗೆ ಒಂದು ಬಗೆಯ ಸಂತೋಷ.)

ಅಳಿಯ: ಮೂರಿವೆ, ಮೂರೂ ಈ ಮೇಜಿನ ಮೇಲೇ ಇವೆ. ಮೊದಲನೇದು ಬೆರಳಚ್ಚಿನ ಯಂತ್ರ. 2019ರ ಜುಲೈನಲ್ಲಿ ನಮ್ಮ ಸದಾನಂದ ಗೌಡರು ಗೊಬ್ಬರ ಖಾತೆ ಮಂತ್ರಿಯಾಗಿದ್ದಾಗ ಪಿಒಎಸ್ ಅನ್ನು ಕಂಪ್ಯೂಟರಿನಲ್ಲೇ ನಡೆಸೋ ತಂತ್ರಾಂಶ ಬಂತು. ಅದಕ್ಕೆ ಸ್ಕ್ಯಾನರ್ ಜೋಡಿಸ್ತೀರಲ್ಲ, ಆಧಾರ್‌ನವರ ನಿಯಮದ ಪ್ರಕಾರ ಅದರ ಆರ್‌ಡಿ ಸರ್ವೀಸ್ ಅನ್ನೋ ಸಣ್ಣ ಪ್ರೋಗ್ರಾಂ ಅದೇ ಯಂತ್ರದಲ್ಲಿ ನಡೀಬೇಕು. ಸರ್ವರ್ ದಾವಣಗೆರೆಯಲ್ಲಿದೆ ಅಂತ ಇಟ್ಟುಕೊಳ್ಳಿ, ಅದರಲ್ಲಿ ನೀವು ಈ ತಂತ್ರಾಂಶ ತೆರೆದರೆ ಅದು ಸ್ಕ್ಯಾನರನ್ನ ದಾವಣಗೆರೆಯಲ್ಲಿ ಹುಡುಕುತ್ತೆ. ರೈತನ ಬೆರಳು ಬಿಳಿಚೋಡಿನಲ್ಲಿರುತ್ತೆ. ಯುಎಸ್‌ಬಿಯನ್ನ ತಂತಿಯ ಮೇಲೆ ಕಳಿಸೋ ಉಪಾಯ ಇದೆ, ನಾನು ಅದನ್ನ ನಂಬಲ್ಲ. ಅದಕ್ಕೇ ಗೊಬ್ಬರದ ಕೌಂಟರಿಗೆ ಒಂದು ಪೂರ್ತಿ ಕಂಪ್ಯೂಟರ್, ಹೊಸದು, ವಿಂಡೋಸ್ ಹನ್ನೊಂದು.

ಮಾವ: ಎರಡನೇದು?

ಅಳಿಯ: ಬಿಲ್ ಹೊಡೆಯೋ ಡಾಟ್ ಮ್ಯಾಟ್ರಿಕ್ಸ್. ದೂರದ ಸರ್ವರಿಂದ ಇಲ್ಲಿಯ ಪ್ರಿಂಟರಿಗೆ ಕಳಿಸಿದರೆ ಅಕ್ಷರವಾಗಿ ಬರಬೇಕಾದ್ದು ಚಿತ್ರವಾಗಿ ಬರುತ್ತೆ. ಒಂದೇ ಏಟಿಗೆ ಹೊಡೆದು ಮುಗಿಸೋ ಬಿಲ್ಲನ್ನ ಗೆರೆ ಗೆರೆಯಾಗಿ ಕೊರೀತಾ ಕೂರುತ್ತೆ. ಹಂಗಾಮಿನಲ್ಲಿ ಕ್ಯೂ ನಿಂತಾಗ ಅದು ಸಾಕಾಗಲ್ಲ. ಪ್ರಿಂಟರಿಗೆ ಸರಿಯಾದ ಡ್ರೈವರ್ ಸರ್ವರಿನಲ್ಲೇ ಹಾಕಿ, ಬರೀ ಅಕ್ಷರ ಕಳಿಸೋ ಹಾಗೆ ಕೂರಿಸಬೇಕು. ಆಗುತ್ತೆ, ಆದರೆ ಮೊದಲ ವಾರ ನನ್ನ ಜೀವ ತಿನ್ನುತ್ತೆ. ಮಂಡಿಯ ವೇ ಬ್ರಿಡ್ಜ್ ಕೂಡ ಹಾಗೇ. ತೂಕ ತೋರಿಸೋ ಪೆಟ್ಟಿಗೆಯಿಂದ ಹಳೇ ಕಾಲದ ಸೀರಿಯಲ್ ತಂತಿ ಬರುತ್ತೆ. ತೂಕದ ಚೀಟಿ ಅಲ್ಲಿಯ ಯಂತ್ರದಲ್ಲೇ ಆಗಲಿ, ಸಂಜೆ ಲೆಕ್ಕ ಮಾತ್ರ ಸರ್ವರಿಗೆ ಹೋಗಲಿ.

ಮಾವ: ಕನ್ನಡ ಬರುತ್ತೋ ಇಲ್ವೋ? ರೈತನಿಗೆ ಇಂಗ್ಲಿಷ್ ಬಿಲ್ ಕೊಟ್ಟು ಏನು ಉಪಯೋಗ.

ಅಳಿಯ: ನೀವು ಕೇಳಿದ್ದೇ ಮೂರನೇದು. ನುಡಿ ತಂತ್ರಾಂಶ ಕೀಲಿಮಣೆಗೂ ಪರದೆಗೂ ನಡುವೆ ನಿಂತು ಒತ್ತನ್ನ ಹಿಡಿದು ಅಕ್ಷರ ಮಾಡುತ್ತೆ. ಕನ್ನಡ ಗಣಕ ಪರಿಷತ್ತಿನವರು ಮಾಡಿದ್ದು, ಕೆ.ಪಿ. ರಾವ್ ಅವರ ಕೀಲಿ ಜೋಡಣೆ. ಇಲ್ಲಿಯ ಯಂತ್ರದಲ್ಲೂ ಸರ್ವರಿನಲ್ಲೂ ಎರಡೂ ಕಡೆ ನುಡಿ ಚಾಲೂ ಇದ್ದರೆ ಒಂದರ ಅಕ್ಷರವನ್ನ ಇನ್ನೊಂದು ಮತ್ತೆ ತಿರುಚುತ್ತೆ, ಪರದೆ ಮೇಲೆ ಏನೋ ಬರುತ್ತೆ. ಸರ್ವರಿನಲ್ಲಿ ಒಂದೇ ಕಡೆ ಇಟ್ಟು, ಹೊಸ ಬಿಲ್ಲನ್ನೆಲ್ಲ ಯೂನಿಕೋಡ್‌ಗೆ ತಂದರೆ ಒಳ್ಳೇದು. ಒಂದು ಸಲ ಸರಿಮಾಡಿದರೆ ಮೂರು ಊರಿಗೂ ಸರಿಹೋಯಿತು.

ಮಾವ: ಎಷ್ಟಾಗುತ್ತೆ ಅಂದೆ?

ಅಳಿಯ: ಅಂದಿಲ್ಲ ಇನ್ನೂ. ಸರ್ವರ್, ಅದರಲ್ಲಿ ಒಂದರ ಪ್ರತಿ ಇನ್ನೊಂದು ಅನ್ನೋ ಹಾಗೆ ಎರಡು ಡಿಸ್ಕ್, ಎರಡು ಪವರ್ ಸಪ್ಲೈ, ದೊಡ್ಡ ಯುಪಿಎಸ್. ಅದು ಕಣ್ಣಿಗೆ ಕಾಣೋ ಖರ್ಚು. ಕಾಣದ್ದು ಲೈಸೆನ್ಸು. ವಿಂಡೋಸ್ ಸರ್ವರಿಗೆ ಒಂದು. ಅದರಲ್ಲಿ ದೂರದಿಂದ ಕೂತು ಕೆಲಸ ಮಾಡೋ ಪ್ರತಿಯೊಬ್ಬರಿಗೂ ಬೇರೆ ಬೇರೆ. ಟ್ಯಾಲಿಗೆ ಹಲವರು ಬಳಸೋ ಲೈಸೆನ್ಸ್. ಕೆಲವರು ಏನು ಮಾಡ್ತಾರೆ ಗೊತ್ತಾ? ಮೈಕ್ರೋಸಾಫ್ಟ್‌ನವರು ಈ ದೂರದ ಬಳಕೆಗೆ ನೂರಿಪ್ಪತ್ತು ದಿನ ಸಡಿಲ ಕೊಡ್ತಾರೆ. ಅದರಲ್ಲೇ ಕೂರಿಸಿ, ಚೆನ್ನಾಗಿ ನಡೀತಿದೆ ನೋಡಿ ಅಂತ ದುಡ್ಡು ಎಣಿಸಿಕೊಂಡು ಹೋಗ್ತಾರೆ. ಅವಧಿ ಮುಗಿದ ಬೆಳಿಗ್ಗೆ ಯಾರಿಗೂ ಒಳಗೆ ಹೋಗೋಕಾಗಲ್ಲ. ಫೋನ್ ಮಾಡಿದರೆ ಅವರು ಎತ್ತಲ್ಲ.

ಮಾವ: ನೀನು ಎತ್ತುತೀಯ?

ಅಳಿಯ: ನಾನು ನಿಮ್ಮ ಅಕ್ಕನ ಮಗ, ಎತ್ತದೇ ಎಲ್ಲಿ ಹೋಗಲಿ.

ಮಾವ: ಸರ್ವರ್ ಎಲ್ಲಿಡೋದು? ಈಗ ಎಲ್ರೂ ಕ್ಲೌಡು ಕ್ಲೌಡು ಅಂತಾರೆ. ನಮ್ಮ ಸೊಸೈಟಿಯೋರೂ ಅದೇ ಅಂತಿದ್ರು.

ಅಳಿಯ: ಅವರದ್ದು ಕೇಂದ್ರದ ಯೋಜನೆ. 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟರು. ಆಗಿನ ಲೆಕ್ಕಕ್ಕೆ ದೇಶದ 63 ಸಾವಿರ ಪತ್ತಿನ ಸಹಕಾರ ಸಂಘಗಳಿಗೆ ಒಂದೇ ತಂತ್ರಾಂಶ, 2,516 ಕೋಟಿ ರೂಪಾಯಿ, ನಬಾರ್ಡ್ ಉಸ್ತುವಾರಿ. ಅಷ್ಟು ದೊಡ್ಡದಕ್ಕೆ ಕ್ಲೌಡ್ ಸರಿ. ನಿಮಗೂ ಸಿಗುತ್ತೆ. ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟಿದರೆ ಮೈಕ್ರೋಸಾಫ್ಟ್, ಅಮೆಜಾನ್‌ನವರು ಪೂರ್ತಿ ಡೆಸ್ಕ್‌ಟಾಪನ್ನೇ ಕೊಡ್ತಾರೆ. ಅಮೆಜಾನ್‌ನ ಯಂತ್ರಗಳು ಮುಂಬೈನಲ್ಲೂ ಹೈದರಾಬಾದಿನಲ್ಲೂ ಇವೆ.

ಮಾವ: ಯಾವ ರೈತ ನನಗೆ ಎಷ್ಟು ಉದ್ರಿ ಅನ್ನೋದು ಮುಂಬೈನಾಗಾ? ನನ್ನ ಹೆಂಡ್ತಿಗೂ ಹೇಳಿಲ್ಲ ನಾನು ಅದನ್ನ.

ಅಳಿಯ: ಅಲ್ಲಿ ಯಾರೂ ಕೂತು ಓದಲ್ಲ. ಆದರೆ ಬಾಡಿಗೆ ನಿಲ್ಲಲ್ಲ ಅನ್ನೋದು ನಿಜ, ಬಾಡಿಗೆ ಕಟ್ಟದಿದ್ದರೆ ಕಿರ್ದಿ ಬಾಗಿಲು ಹಾಕುತ್ತೆ ಅನ್ನೋದೂ ನಿಜ. ನಿಮ್ಮಷ್ಟು ವ್ಯವಹಾರಕ್ಕೆ ಮಂಡಿಯ ಒಳಕೋಣೆಯಲ್ಲಿ ಸ್ವಂತ ಸರ್ವರ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳಬಹುದು. ಒಂದು ಮಾತ್ರ ನಿಮ್ಮ ಹುಡುಗರಿಗೆ ಹೇಳಿ: ರಿಮೋಟ್ ಡೆಸ್ಕ್‌ಟಾಪಿನ 3389 ಅನ್ನೋ ಬಾಗಿಲನ್ನ ನೇರ ಇಂಟರ್ನೆಟ್ಟಿಗೆ ತೆರೆಯೋ ಹಾಗಿಲ್ಲ. ಪಾಸ್‌ವರ್ಡ್ ಊಹಿಸೋ ಯಂತ್ರಗಳು ಹಗಲೂ ರಾತ್ರಿ ಅದನ್ನೇ ತಟ್ಟುತ್ತಾ ಇರ್ತವೆ. ಲೆಕ್ಕ ಎಲ್ಲ ಬೀಗ ಹಾಕಿ ದುಡ್ಡು ಕೇಳೋ ಕಳ್ಳರಲ್ಲಿ ಎಷ್ಟೋ ಮಂದಿ ಒಳಗೆ ಬಂದಿದ್ದು ಇದೇ ದಾರಿಯಿಂದ. ವಿಪಿಎನ್ ಮೂಲಕ ಮಾತ್ರ. ಮತ್ತೆ ದಿನಾ ರಾತ್ರಿ ಬ್ಯಾಕಪ್, ಅದರಲ್ಲಿ ಒಂದು ಪ್ರತಿ ತಂತಿಗೆ ಅಂಟದೆ ಬೇರೆ ಇರಬೇಕು.

ಮಾವ: ಸರಿ. ಹಂಗಾಮಿನಾಗೆ, ಸೋಮವಾರ ಬೆಳಿಗ್ಗೆ, ಲೈನ್ ಹೋಯ್ತು. ಸಿಮ್ಮೂ ಇಲ್ಲ. ಆಗ?

ಅಳಿಯ: ಆಗ ಗೊಬ್ಬರದ ಮಾರಾಟ ನಿಂತೇ ಇರುತ್ತೆ, ಅದಕ್ಕೆ ಹೇಗೂ ಸಿಗ್ನಲ್ ಬೇಕು. ಬೀಜ, ಔಷಧಿಯ ಬಿಲ್ ಗೊಬ್ಬರದ ಕೌಂಟರಿನ ಆ ಹೊಸ ಕಂಪ್ಯೂಟರಿನಲ್ಲೇ ಆಗುತ್ತೆ. ಬೆಲೆಪಟ್ಟಿ, ಸ್ಟಾಕು ಅದರಲ್ಲಿ ದಿನಾ ಬೆಳಿಗ್ಗೆ ಇಳಿಯೋ ಹಾಗೆ ಮಾಡ್ತೀನಿ. ಉದ್ರಿ ಮಾತ್ರ ಆ ಹೊತ್ತಿಗೆ ಹೊಸದು ಕೊಡಬೇಡಿ, ಯಾಕೆಂದರೆ ಬಾಕಿ ಎಷ್ಟಿದೆ ಅಂತ ಗೊತ್ತಾಗಲ್ಲ.

ಮಾವ: ಉದ್ರಿ ಕೊಡಲ್ಲ ಅಂತ ಬಿಳಿಚೋಡಿನಾಗೆ ಅಂಗಡಿ ನಡೆಸ್ತೀಯಾ? ನೋಡಪ್ಪ, ಹತ್ತಿರದ ನೂರು ಜನ್ರ ಬಾಕಿ ಪಟ್ಟಿ ವಾರಕ್ಕೊಂದ್ಸಲ ಕಾಗದದ ಮೇಲೆ ಪ್ರಿಂಟ್ ಹಾಕಿಸು. ಗಲ್ಲಾಪೆಟ್ಟಿಗೆ ಕೆಳಗೆ ಇರ್ಲಿ.

ಅಳಿಯ: ಹಾಕಿಸ್ತೀನಿ. ಇದನ್ನ ನಾನು ಯೋಚಿಸಿರಲಿಲ್ಲ.

ಮಾವ: ಈಗ ಒಂದು ಕೊನೆ ಪ್ರಶ್ನೆ. ಸರ್ವರ್ ಒಂದೇ, ಅದಕ್ಕೆ ಎರಡು ಡಿಸ್ಕು, ಎರಡು ಪವರ್ ಸಪ್ಲೈ ಅಂದೆ. ಎಲ್ಲಾ ಎರಡೆರಡು. ನೀನು ಎಷ್ಟು ಜನ?

ಅಳಿಯ: ಅಂದರೆ?

ಮಾವ: ಪಾಸ್‌ವರ್ಡ್ ಯಾರ ಹತ್ರ ಇರುತ್ತೆ? ನಿನ್ನ ಹತ್ರ. ಪ್ರಿಂಟರ್ ಹೆಂಗೆ ಕೂರಿಸಿದೆ ಯಾರಿಗೆ ಗೊತ್ತು? ನಿನಗೆ. ನಾಳೆ ಬೆಂಗಳೂರಿನೋರು ಹೆಚ್ಚು ಸಂಬಳ ಕೊಟ್ಟು ಕರೆದ್ರೆ ನೀನು ಹೋಗ್ತೀಯ, ಹೋಗ್ಬೇಕು ಕೂಡ. ಆಗ ಜಗಳೂರಿನ ಹುಡುಗಿ ಪರದೆ ನೋಡ್ಕೊಂಡು ಕೂರ್ತಾಳೆ. ಮೊದ್ಲು ಪೆನ್ ಡ್ರೈವ್ ಕಳೆದ್ರೆ ಒಂದು ವಾರದ ಲೆಕ್ಕ ಹೋಗ್ತಿತ್ತು. ಈಗ ನೀನು ಹೋದ್ರೆ ಮೂರು ಅಂಗಡಿಗೂ ಬಾಗಿಲು. ಅವತ್ತು ಪಹಣಿ ಗ್ರಾಮ ಲೆಕ್ಕಿಗರ ಕೈಯಾಗಿತ್ತು ಅಂದೆನಲ್ಲ, ಈಗ ನಿನ್ನ ಲ್ಯಾಪ್‌ಟಾಪಿನಾಗೆ ಇರುತ್ತೆ.

ಅಳಿಯ: ಪಾಸ್‌ವರ್ಡ್ ಬರೆದು ಲಕೋಟೆಗೆ ಸೀಲ್ ಹಾಕಿ ನಿಮ್ಮ ತಿಜೋರಿಯಲ್ಲಿ ಇಡ್ತೀನಿ.

ಮಾವ: ಲಕೋಟೆ ತೆಗೆದು ನಾನು ಏನು ಮಾಡ್ಲಿ? ಆ ಹುಡುಗಿ ಬಿಸಿಎ ಮಾಡ್ಯಾಳೆ. ಬಿಲ್ ಹೊಡೆಯಾಕೆ ಕೂರಿಸಿದೀವಿ. ಸರ್ವರ್ ಕೂರಿಸೋವಾಗ ಅವಳನ್ನೂ ಮಂಡಿಗೆ ಕರ್ಕೊಂಡು ಹೋಗು, ನಿನ್ನ ಪಕ್ಕ ಕೂರ್ಲಿ. ಬ್ಯಾಕಪ್ ತೆಗೆದು ಮತ್ತೆ ಅದರಿಂದಲೇ ಟ್ಯಾಲಿ ಎಬ್ಬಿಸೋದನ್ನ ಅವಳ ಕೈಯಾಗೆ ಮಾಡಿಸು, ನೀನು ಮಾಡಿ ತೋರಿಸ್ಬೇಡ. ಮಾಡಿದ್ದನ್ನೆಲ್ಲ ಕನ್ನಡದಾಗೆ ಒಂದು ನೋಟ್ ಪುಸ್ತಕಕ್ಕೆ ಬರೀಲಿ.

ಅಳಿಯ: ಅವಳಿಗೆ ಅಷ್ಟು ಕೆಲಸ ಹೆಚ್ಚಾಗುತ್ತೆ ಮಾವ. ಸಂಬಳ ಕೇಳ್ತಾಳೆ.

ಮಾವ: ಕೇಳ್ಲಿ. ಆ ಡಬ್ಬಿ ಹೊಸದು ಕೊಳ್ಳೋದನ್ನ ಮುಂದಿನ ವರ್ಷಕ್ಕೆ ಹಾಕು, ಆ ದುಡ್ಡು ಅವಳಿಗೆ ಕೊಡೋಣ. ನಿನ್ನ ಪಟ್ಟಿಯಾಗೆ ಡಿಸ್ಕು, ಯುಪಿಎಸ್ ಅಂತ ಬರೆದಿದೀಯಲ್ಲ, ಅದರ ಕೆಳಗೇ ಬರಿ.

ಅಳಿಯ: ಏನಂತ ಬರೀಲಿ? ಬಿಡಿ ಭಾಗಗಳ ಪಟ್ಟಿಯಲ್ಲಿ ಮನುಷ್ಯರನ್ನ ಹೇಗೆ ಹಾಕೋದು?

ಮಾವ: ಅದು ನಿನ್ನ ಕಷ್ಟ. ಖರ್ಚು ಹೇಳು, ಮಂಗಳವಾರ ಮುಂಗಡ ಕೊಡ್ತೀನಿ. ಸರ್ವರ್ ಬಂದ ದಿನ ಪೆನ್ ಡ್ರೈವ್ ಬಿಡ್ಬೇಡಿ ಅಂತ ಮೂರು ಕಡೆಗೂ ಫೋನ್ ಮಾಡ್ತೀನಿ. ಎರಡು ತಿಂಗಳು ಎರಡೂ ನಡೀಲಿ.